ನಡುದಾರಿಯಲ್ಲಿ ಆರಿದ ಲಾಂದ್ರ: ಒಂದು ಪ್ರಕರಣ ಅಧ್ಯಯನ

2019ರ ಡಿಸೆಂಬರ್‌ನಲ್ಲಿ ದಕ್ಷಿಣ ಜರ್ಮನಿಯ ಒಂದು ಸಣ್ಣ ಪಟ್ಟಣದಲ್ಲಿ ನಡೆದ ಸಂಗತಿ ಇದು. ಅಲ್ಲಿನ ಸ್ಕೌಟ್ ತಂಡಕ್ಕೆ ನಾನು ಹಲವು ವರ್ಷಗಳಿಂದ ಸಹಾಯಕ. ಊರಿನ ಹೆಸರು, ಮಕ್ಕಳ ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ, ಅವರು ಶಾಲೆಯ ಮೇಷ್ಟರಾಗಿರಲಿ, ಸ್ಕೌಟ್ ಶಿಕ್ಷಕರಾಗಿರಲಿ, ಇದರಿಂದ ಉಪಯೋಗವಾಗುತ್ತದೆ ಎಂದು ನಂಬಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಬೆತ್ಲೆಹೆಮ್‌ನ ಶಾಂತಿ ಜ್ಯೋತಿಯ ಬಗ್ಗೆ ಕನ್ನಡದಲ್ಲಿ ಹೆಚ್ಚು ಓದಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. 1986ರಲ್ಲಿ ಆಸ್ಟ್ರಿಯಾದ ಲಿಂಝ್ ನಗರದಲ್ಲಿರುವ ಸಾರ್ವಜನಿಕ ಪ್ರಸಾರ ಸಂಸ್ಥೆ ಓಆರ್‌ಎಫ್‌ನ ಪ್ರಾದೇಶಿಕ ಕೇಂದ್ರ ಇದನ್ನು ಆರಂಭಿಸಿತು. ಅಂಗವಿಕಲ ಮಕ್ಕಳಿಗಾಗಿ, ಕಷ್ಟದಲ್ಲಿರುವವರಿಗಾಗಿ ಕ್ರಿಸ್ಮಸ್ ಕಾಲದಲ್ಲಿ ದೇಣಿಗೆ ಸಂಗ್ರಹಿಸುವ ಕಾರ್ಯಕ್ರಮವೊಂದರ ಭಾಗವಾಗಿ, ಕೊಟ್ಟವರಿಗೆ ಕೃತಜ್ಞತೆ ಹೇಳುವ ರೀತಿಯಾಗಿ ಅದು ಹುಟ್ಟಿತು. ಸಾಮಾನ್ಯವಾಗಿ ಅಪ್ಪರ್ ಆಸ್ಟ್ರಿಯಾ ಪ್ರಾಂತ್ಯದ ಒಂದು ಮಗು ಬೆತ್ಲೆಹೆಮ್‌ಗೆ ಹೋಗಿ, ಯೇಸು ಹುಟ್ಟಿದನೆಂದು ನಂಬುವ ಗುಹೆಯಲ್ಲಿ ಉರಿಯುವ ದೀಪದಿಂದ ಬತ್ತಿ ಹೊತ್ತಿಸಿಕೊಳ್ಳುತ್ತದೆ. ಆ ಬೆಂಕಿ ಸುರಕ್ಷಿತ ಲಾಂದ್ರದಲ್ಲಿ ವಿಮಾನ ಹತ್ತಿ ಆಸ್ಟ್ರಿಯಾಕ್ಕೆ ಬರುತ್ತದೆ. ಆಮೇಲೆ ಅದನ್ನು ಊರೂರಿಗೆ ಒಯ್ಯುವುದು ಮುಖ್ಯವಾಗಿ ಸ್ಕೌಟ್ ಹುಡುಗ ಹುಡುಗಿಯರು. ಕ್ರಿಸ್ಮಸ್‌ಗೆ ಮುನ್ನ ಬರುವ ನಾಲ್ಕು ಆಗಮನ ಭಾನುವಾರಗಳಲ್ಲಿ ಮೂರನೆಯದರ ಹೊತ್ತಿಗೆ ಹಲವು ದೇಶಗಳ ತಂಡಗಳು, ಹೆಚ್ಚಾಗಿ ವಿಯೆನ್ನಾದಲ್ಲಿ, ಒಟ್ಟು ಸೇರಿ ಬೆಂಕಿ ಹಂಚಿಕೊಂಡು ರೈಲು ಹತ್ತುತ್ತವೆ. ಸ್ಲೊವಾಕಿಯಾದ ಸ್ಕೌಟ್‌ಗಳು ಅದನ್ನು ಪೋಲೆಂಡಿನವರಿಗೆ ದಾಟಿಸುತ್ತಾರೆ, ಪೋಲೆಂಡಿನವರು ಉಕ್ರೇನಿನವರಿಗೆ. ಜರ್ಮನಿಗೆ ಇದು 1990ರ ದಶಕದಿಂದ ಬರುತ್ತಿದೆ. ಒಂದು ಬತ್ತಿಯಿಂದ ಇನ್ನೊಂದಕ್ಕೆ, ಕೈಯಿಂದ ಕೈಗೆ. ಬೆಂಕಿಕಡ್ಡಿಗೆ ಇಲ್ಲಿ ಜಾಗವಿಲ್ಲ.

ನಮ್ಮ ತಂಡದ ಪಾಲಿನ ಕೆಲಸ ಚಿಕ್ಕದು. ಅರವತ್ತು ಕಿಲೋಮೀಟರ್ ದೂರದ ನಗರದ ಕೆಥೆಡ್ರಲ್‌ನಲ್ಲಿ ಭಾನುವಾರ ಮಧ್ಯಾಹ್ನ ಜ್ಯೋತಿ ಪಡೆಯುವುದು, ರೈಲಿನಲ್ಲಿ, ಆಮೇಲೆ ಬಸ್ಸಿನಲ್ಲಿ ತರುವುದು, ಮೂರು ಕಡೆ ಮುಟ್ಟಿಸುವುದು: ವೃದ್ಧಾಶ್ರಮ, ಊರಿನ ಚರ್ಚು, ನಿರಾಶ್ರಿತರ ವಸತಿಗೃಹ. ಆ ವರ್ಷ ಹದಿಮೂರರಿಂದ ಹದಿನೈದು ವಯಸ್ಸಿನ ಐವರು ಮಕ್ಕಳು ಹೊರಟರು. ಜೊತೆಗೆ ಹತ್ತೊಂಬತ್ತು ವರ್ಷದ ನಾಯಕಿ ಮತ್ತು ನಾನು.

ಸಿದ್ಧತೆಯಲ್ಲಿ ಯಾವ ಕೊರತೆಯೂ ಇರಲಿಲ್ಲ ಎಂದು ಆಗ ಅನಿಸಿತ್ತು. ಎರಡು ಗಾಜಿನ ಲಾಂದ್ರ. ಒಳಗೆ ಇಲ್ಲಿ ಸಮಾಧಿಗಳ ಮೇಲೆ ಹಚ್ಚಿಡುವ, ಕೆಂಪು ಪ್ಲಾಸ್ಟಿಕ್ ಬಟ್ಟಲಿನ ಮೇಣದ ಬತ್ತಿ. ಒಂದು ಬಾಟಲಿ ನೀರು, ಬೆಂಕಿ ಮುಚ್ಚುವ ಕಂಬಳಿ. ಬಸ್ ಚಾಲಕರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದೆವು. ಸರದಿಯ ಮೇಲೆ ಲಾಂದ್ರ ಹಿಡಿಯುವವರ ಪಟ್ಟಿ ಕೂಡ ಇತ್ತು.

ಇನ್ನೊಂದು ಸಿದ್ಧತೆಯನ್ನು ನಾನು ಸ್ವಂತ ಉತ್ಸಾಹದಿಂದ ಮಾಡಿದ್ದೆ. ಹೋಗುವಾಗ ರೈಲಿನಲ್ಲಿ ಮಕ್ಕಳಿಗೆ ಹಾಸನಾಂಬೆಯ ಕಥೆ ಹೇಳಿದೆ. ವರ್ಷಕ್ಕೊಮ್ಮೆ ಕೆಲವೇ ದಿನ ತೆರೆಯುವ ಗುಡಿ, ಬಾಗಿಲು ಹಾಕುವಾಗ ಹಚ್ಚಿದ ದೀಪ ಮುಂದಿನ ವರ್ಷ ಬಾಗಿಲು ತೆಗೆದಾಗಲೂ ಉರಿಯುತ್ತಿರುತ್ತದೆ ಎಂಬ ನಮ್ಮ ಜನರ ನಂಬಿಕೆ. ಮಕ್ಕಳು ಕಣ್ಣರಳಿಸಿ ಕೇಳಿದರು. "ಹಾಗಾದರೆ ನಾವೂ ಒಂದು ದಿನವಾದರೂ ಆರದಂತೆ ನೋಡಿಕೊಳ್ಳಬೇಕು" ಎಂದು ಹದಿನೈದರ ಹುಡುಗ ಹೇಳಿದ. ನನಗೆ ಹೆಮ್ಮೆಯಾಯಿತು. ಆ ಕಥೆ ಅವನ ಹೆಗಲ ಮೇಲೆ ಎಷ್ಟು ಭಾರ ಹೊರಿಸಿತು ಎಂಬುದು ನನಗೆ ಗೊತ್ತಾದದ್ದು ನಾಲ್ಕು ದಿನಗಳ ನಂತರ.

ಆ ಭಾನುವಾರ

ಡಿಸೆಂಬರ್ 15. ಕೆಥೆಡ್ರಲ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯಿತು. ಎರಡೂ ಲಾಂದ್ರಗಳು ಹೊತ್ತಿದವು. ರೈಲು ನಿಲ್ದಾಣದ ಮೆಟ್ಟಿಲಲ್ಲಿ ಬೇರೆ ಊರಿನ ಕಿರಿಯರ ತಂಡವೊಂದು ಸಿಕ್ಕಿತು. ಎಂಟೊಂಬತ್ತು ವರ್ಷದ ಪುಟಾಣಿಗಳು. ಒಬ್ಬಳು ಜಾರಿ ಬಿದ್ದು ಅವರ ಲಾಂದ್ರದ ಗಾಜು ಒಡೆದಿತ್ತು. ಪೆಟ್ಟೇನೂ ಆಗಿರಲಿಲ್ಲ, ಆದರೆ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಮ್ಮ ಮಕ್ಕಳು ತಮ್ಮತಮ್ಮಲ್ಲೇ ಮುಖ ನೋಡಿಕೊಂಡು, ನಮ್ಮನ್ನು ಕೇಳುವುದಕ್ಕೂ ಕಾಯದೆ, ಎರಡನೆಯ ಲಾಂದ್ರವನ್ನು ಬೆಂಕಿಯ ಸಮೇತ ಅವಳ ಕೈಗಿತ್ತರು. ಈಗಲೂ ಆ ನಿರ್ಧಾರ ಸರಿಯೆಂದೇ ಹೇಳುತ್ತೇನೆ. ಆದರೆ ಆ ಕ್ಷಣದಿಂದ ನಮ್ಮ ಬಳಿ ಉಳಿದದ್ದು ಒಂದೇ ಜ್ವಾಲೆ.

ಸಂಜೆ ಐದೂವರೆ ಹೊತ್ತಿಗೆ ಬಸ್ ಹತ್ತಿದೆವು. ನಾನೂ ನಾಯಕಿಯೂ ಮುಂದೆ ಕುಳಿತಿದ್ದೆವು. ಹಿಂದೆ ಮೂವರು: ಲಾಂದ್ರವನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡಿದ್ದ ಹದಿನೈದರ ಹುಡುಗ, ಪಕ್ಕದಲ್ಲಿ ಹದಿನಾಲ್ಕರ ಹುಡುಗಿ, ಎದುರಿಗೆ ಹದಿಮೂರರ ಕಿರಿಯ. ಉಳಿದಿಬ್ಬರು ನಿದ್ದೆಹೋಗಿದ್ದರು. ಒಂದು ತಿರುವಿನಲ್ಲಿ ಬಸ್ ಥಟ್ಟನೆ ಬ್ರೇಕ್ ಹಾಕಿತು. ಲಾಂದ್ರ ಬೀಳಲಿಲ್ಲ, ವಾಲಿತು ಅಷ್ಟೆ. ಎರಡು ಗಂಟೆ ಉರಿದು ಬಟ್ಟಲಿನಲ್ಲಿ ತುಂಬಿದ್ದ ಕರಗಿದ ಮೇಣ ಒಂದು ಬದಿಗೆ ನುಗ್ಗಿ ಬತ್ತಿಯನ್ನು ಮುಳುಗಿಸಿತು. ಜ್ವಾಲೆ ನೀಲಿಯಾಗಿ, ಸಾಸಿವೆ ಕಾಳಿನಷ್ಟಾಗಿ, ಇಲ್ಲವಾಯಿತು. ಒಂದೆಳೆ ಬಿಳಿ ಹೊಗೆ. ಬತ್ತಿಯ ತುದಿಯಲ್ಲಿ ಕೆಂಪು ಚುಕ್ಕೆ.

ಹುಡುಗಿಯ ಜೇಬಿನಲ್ಲಿ ಲೈಟರ್ ಇತ್ತು. ಶಿಬಿರದ ಒಲೆ ಹೊತ್ತಿಸಲು ಇಟ್ಟುಕೊಂಡದ್ದು. ಅವಳು ಲಾಂದ್ರದ ಬಾಗಿಲು ತೆಗೆದು ಹೊತ್ತಿಸಿದಳು. ಎಲ್ಲ ಸೇರಿ ಅರ್ಧ ನಿಮಿಷ. ಮುಂದೆ ಕುಳಿತ ನಮಗೆ ಏನೂ ತಿಳಿಯಲಿಲ್ಲ.

ಬತ್ತಿಯ ತುದಿ ಇನ್ನೂ ಕೆಂಪಗಿತ್ತು, ಆದ್ದರಿಂದ ಅದು ಪೂರ್ತಿ ಆರಿರಲಿಲ್ಲ ಎಂದು ಆ ಮೂವರು ಒಬ್ಬರಿಗೊಬ್ಬರು ಹೇಳಿಕೊಂಡರಂತೆ. ಎರಡು ದಿನ ಫೋನಿನಲ್ಲಿ ಇದೇ ಚರ್ಚೆ. ಕೆಂಪು ಚುಕ್ಕೆಯನ್ನು ಬೆಂಕಿ ಎನ್ನಬಹುದೇ? ಇದನ್ನು ಕೇಳಿ ಯಾರಾದರೂ ನಕ್ಕರೆ ನನಗೆ ನೋವಾಗುತ್ತದೆ. ಆ ಮಕ್ಕಳು ತಮಗೆ ವಹಿಸಿದ್ದನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಒಂದು ಪ್ರಶ್ನೆ, ಒಂದು ಉತ್ತರ

ವೃದ್ಧಾಶ್ರಮದ ಊಟದ ಕೋಣೆಯಲ್ಲಿ ಹದಿನೈದು ಇಪ್ಪತ್ತು ಮಂದಿ ಕಾಯುತ್ತಿದ್ದರು. ಕೋಣೆಗಳಲ್ಲಿ ತೆರೆದ ಬೆಂಕಿಗೆ ಅನುಮತಿಯಿಲ್ಲ. ಆದ್ದರಿಂದ ಜ್ಯೋತಿ ಇರುವುದು ಊಟದ ಕೋಣೆಯ ಕಿಟಕಿಯ ಬಳಿ, ಗಾಜಿನ ಜಾಡಿಯೊಳಗೆ. ಎಂಬತ್ತು ದಾಟಿದ ಒಬ್ಬ ಅಜ್ಜಿ ಪ್ರತಿ ವರ್ಷ ಮೊದಲ ಸಾಲಿನಲ್ಲಿ ಕೂರುತ್ತಿದ್ದರು. ಮಹಾಯುದ್ಧ ಮುಗಿಯುವ ಹೊತ್ತಿಗೆ ಪೂರ್ವದ ಊರು ಬಿಟ್ಟು ತಾಯಿಯೊಂದಿಗೆ ನಡೆದು ಬಂದವರು. ಅವರು ಹುಡುಗನ ಕೈಯ ಲಾಂದ್ರವನ್ನು ಮುಟ್ಟಿ ಕೇಳಿದರು: "ಇದು ಅಲ್ಲಿಂದಲೇ ಬಂದದ್ದಲ್ಲವೇ, ದಾರಿಯುದ್ದಕ್ಕೂ?"

"ಹೌದು" ಎಂದ ಹುಡುಗ.

ಇಡೀ ಪ್ರಕರಣದ ಕೇಂದ್ರ ಈ ಒಂದು ಪದ. ಬಸ್ಸಿನಲ್ಲಿ ಲೈಟರ್ ಒತ್ತಿದ್ದು ಗಾಬರಿಯಿಂದ ಆದದ್ದು. ಅದನ್ನು ಯಾರೂ ತಪ್ಪೆಂದು ಹಿಡಿಯಬೇಕಿಲ್ಲ. ಆದರೆ ಇಲ್ಲಿ ಅವನನ್ನು ಒಬ್ಬರು ನೇರವಾಗಿ ಕೇಳಿದ್ದರು. ನಾನು ಪಕ್ಕದಲ್ಲೇ ನಿಂತು, ಏನೂ ತಿಳಿಯದೆ, ನಗುತ್ತಿದ್ದೆ.

ಅದೇ ರಾತ್ರಿ ಚರ್ಚಿಗೂ, ಸೋಮವಾರ ವಸತಿಗೃಹಕ್ಕೂ ಬೆಂಕಿ ಮುಟ್ಟಿತು. ಚರ್ಚಿನಿಂದ ಹಲವು ಮನೆಯವರು ತಮ್ಮ ತಮ್ಮ ದೀಪ ಹೊತ್ತಿಸಿಕೊಂಡು ಹೋದರು.

ದೊಡ್ಡವರ ಪರಿಹಾರ

ಮಂಗಳವಾರ ಸಂಜೆ ಹದಿಮೂರರ ಕಿರಿಯ ನಾಯಕಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟ. ಊಟ ಸೇರುತ್ತಿಲ್ಲ ಎಂದನಂತೆ. ನಾಯಕಿ ನನಗೆ ತಿಳಿಸಿದಳು.

ನನ್ನ ಮನಸ್ಸು ಮೊದಲು ಹೋದದ್ದು ಎಲ್ಲಿಗೆ ಎಂಬುದನ್ನು ಮುಚ್ಚಿಡದೆ ಬರೆಯಬೇಕು. ನಮ್ಮ ಮನೆಗಳಲ್ಲಿ ದೀಪ ಆರಿತು ಎನ್ನುವುದಿಲ್ಲ. ದೀಪ ಶಾಂತವಾಯಿತು ಎನ್ನುತ್ತೇವೆ, ದೊಡ್ಡದಾಯಿತು ಎನ್ನುತ್ತೇವೆ. ಶುಭಕಾರ್ಯದ ನಡುವೆ ಗಾಳಿಗೆ ದೀಪ ಹೋದರೆ ಹಿರಿಯರೊಬ್ಬರು ಸದ್ದಿಲ್ಲದೆ ಎದ್ದು ಮತ್ತೆ ಹಚ್ಚುತ್ತಾರೆ, ನೋಡಿದವರು ನೋಡಿಲ್ಲದಂತೆ ಇರುತ್ತಾರೆ. ಅಲ್ಲಿ ಅದು ಮರ್ಯಾದೆ. ಆ ಸಂಸ್ಕಾರವೇ ನನ್ನನ್ನು ಕಾರು ಹತ್ತಿಸಿತು. ನಾನೂ ನಾಯಕಿಯೂ ಇಪ್ಪತ್ತೆರಡು ಕಿಲೋಮೀಟರ್ ಆಚೆಯ ಊರಿನ ಚರ್ಚಿಗೆ ಹೋಗಿ, ಅಲ್ಲಿ ಅಖಂಡವಾಗಿ ಉರಿಯುತ್ತಿದ್ದ ಜ್ಯೋತಿಯಿಂದ ಹೊತ್ತಿಸಿಕೊಂಡು ಬಂದೆವು. ರಾತ್ರಿ, ಯಾರೂ ಇಲ್ಲದ ಹೊತ್ತಿನಲ್ಲಿ, ನಮ್ಮ ಚರ್ಚಿನ ಬೆಂಕಿಯನ್ನು ಬದಲಿಸಿದೆ. ಬುಧವಾರ ವೃದ್ಧಾಶ್ರಮಕ್ಕೆ ಹೋಗಿ, ಹೊಸ ಬತ್ತಿ ತಂದಿದ್ದೇನೆ ಎಂದು ಸಿಬ್ಬಂದಿಗೆ ಹೇಳಿ ಅಲ್ಲಿಯೂ ಬದಲಿಸಿದೆ. ಹೊಸ ಬತ್ತಿ ಎಂಬುದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೆಂಪು ಚುಕ್ಕೆಯ ವಾದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ಅದು ಹೊಳೆಯುವುದಕ್ಕೆ ನನಗೆ ಇನ್ನೊಂದು ದಿನ ಬೇಕಾಯಿತು.

ಗುರುವಾರ ತಂಡದ ವಾರದ ಸಭೆ. ಮೂವರನ್ನು ಪಕ್ಕಕ್ಕೆ ಕರೆದು, ಬೈಯದೆ, ಎಲ್ಲ ಸರಿಹೋಗಿದೆ, ಇನ್ನು ಚಿಂತಿಸಬೇಡಿ ಎಂದೆ. ಅವರ ಮುಖದಲ್ಲಿ ನೆಮ್ಮದಿ ಕಾಣಬಹುದೆಂದು ಕಾದೆ. ಹುಡುಗಿ ಕೇಳಿದಳು: "ಅಜ್ಜಿಗೆ ಹೇಳಿದಿರಾ?"

ಇಲ್ಲ ಎಂದೆ.

"ಹಾಗಾದರೆ ಮೊದಲು ನಾವು ಮೂವರು ಮುಚ್ಚಿಟ್ಟಿದ್ದೆವು. ಈಗ ಐವರು."

ತಿರುವು ಬಂದದ್ದು ಇಲ್ಲಿ. ನನ್ನ ಪರಿಹಾರದಿಂದ ಕಿಟಕಿಯ ಬಳಿಯ ಬೆಂಕಿ ಮತ್ತೆ ಬೆತ್ಲೆಹೆಮ್‌ನದಾಗಿತ್ತು, ನಿಜ. ಆದರೆ ಹುಡುಗನ ಆ "ಹೌದು" ಇದ್ದಲ್ಲೇ ಇತ್ತು. ಅದರ ಮೇಲೆ ನಾನು ಇನ್ನೊಂದು ಪದರ ಹಚ್ಚಿದ್ದೆ. ಶಾಲಾ ದಿನಗಳಲ್ಲಿ ಕರ್ನಾಟಕದ ಒಂದು ಮೈದಾನದಲ್ಲಿ ಸ್ಕಾರ್ಫ್ ಕಟ್ಟಿಕೊಂಡು ನಾನೂ ಸ್ಕೌಟ್ ನಿಯಮ ಹೇಳಿದವನು. ಅದರ ಮೊದಲ ಸಾಲೇ ಸ್ಕೌಟ್ ನಂಬಿಕೆಗೆ ಪಾತ್ರನು ಎಂಬುದು. ಹದಿನಾಲ್ಕರ ಹುಡುಗಿಯ ಮುಂದೆ ನಾನು ತಲೆ ತಗ್ಗಿಸಿದೆ, ಕ್ಷಮೆ ಕೇಳಿದೆ.

ಆಮೇಲೆ ಎರಡು ಗಂಟೆ ಮಾತಾಯಿತು. ಆ ವರ್ಷ ಜರ್ಮನಿಯಲ್ಲಿ ಈ ಅಭಿಯಾನದ ಧ್ಯೇಯವಾಕ್ಯ ಶಾಂತಿಗಾಗಿ ಧೈರ್ಯ ಎಂಬ ಅರ್ಥದ್ದು. ಅದರ ಭಿತ್ತಿಪತ್ರ ನಮ್ಮ ತಲೆಯ ಮೇಲೆಯೇ ಗೋಡೆಯಲ್ಲಿತ್ತು. ಯಾರೂ ಅದರತ್ತ ಕೈ ತೋರಿಸಲಿಲ್ಲ, ತೋರಿಸುವ ಅಗತ್ಯವೂ ಇರಲಿಲ್ಲ. ಪಾದ್ರಿಗಳು ಭಾನುವಾರ ಚರ್ಚಿನಲ್ಲಿ ಒಂದು ಮಾತು ಹೇಳಿದರೆ ಸಾಕು ಎಂದು ನಾಯಕಿ ಸೂಚಿಸಿದಳು. ಅದು ಸುಲಭದ ದಾರಿ. ಅಲ್ಲಿಯವರೆಗೆ ಬಾಯಿ ತೆರೆಯದಿದ್ದ ಹುಡುಗ, ಅಜ್ಜಿ ಕೇಳಿದ್ದು ನನ್ನನ್ನು, ಪಾದ್ರಿಗಳನ್ನಲ್ಲ ಎಂದ. ತಾನೊಬ್ಬನೇ ಹೋಗುತ್ತೇನೆ ಎಂದ. ಅವನ ತಂದೆತಾಯಿಯ ಜೊತೆ ಮಾತನಾಡಿದೆವು. ನಾಯಕಿ ಪಡಸಾಲೆಯ ಕೊನೆಯಲ್ಲಿ ನಿಲ್ಲುವುದು, ಒಳಗೆ ಅವನೊಬ್ಬನೇ ಹೋಗುವುದು ಎಂದು ತೀರ್ಮಾನವಾಯಿತು. ಚರ್ಚು ಮತ್ತು ವಸತಿಗೃಹಕ್ಕೆ ಇತರರು.

ಏನಾಯಿತು

ವಸತಿಗೃಹದ ಮೇಲ್ವಿಚಾರಕರು ಹುಡುಗಿ ಹೇಳಿದ್ದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಗ್ನಿ ಸುರಕ್ಷತೆಯ ನಿಯಮದಂತೆ ರಾತ್ರಿ ಒಂಬತ್ತಕ್ಕೆ ದೀಪವನ್ನು ನಂದಿಸಿ ಮರುದಿನ ಕಡ್ಡಿ ಗೀರಿ ಹಚ್ಚುತ್ತಿದ್ದೇವೆ, ಪ್ರತಿ ವರ್ಷವೂ ಹಾಗೆಯೇ ಎಂದರು. ಮಕ್ಕಳು ಬೇಸರ ಪಡುತ್ತಾರೆಂದು ಅವರು ಇಷ್ಟು ವರ್ಷ ಹೇಳಿರಲಿಲ್ಲ. ಚರ್ಚಿನಲ್ಲಿ ನಾಲ್ಕನೆಯ ಆಗಮನ ಭಾನುವಾರ ಕಿರಿಯ ಹುಡುಗ ಚೀಟಿ ನೋಡಿ ಮೂರು ವಾಕ್ಯ ಓದಿದ. ಕೆಲವರು ಬಂದು ಬೆನ್ನು ತಟ್ಟಿದರು. ಎರಡು ಕುಟುಂಬಗಳು ಸಿಟ್ಟಾದವು. ಪವಿತ್ರವಾದದ್ದನ್ನು ಮಕ್ಕಳ ಕೈಗೆ ಕೊಟ್ಟದ್ದೇ ತಪ್ಪು ಎಂದರು. ಅದರಲ್ಲಿ ಒಂದು ಕುಟುಂಬ ಮತ್ತೆ ನಮ್ಮಿಂದ ಜ್ಯೋತಿ ಪಡೆಯಲಿಲ್ಲ.

ವೃದ್ಧಾಶ್ರಮಕ್ಕೆ ಹುಡುಗ ಹೋದದ್ದು ಶನಿವಾರ ಮಧ್ಯಾಹ್ನ. ಅವನು ನಂತರ ನಮಗೆ ಹೇಳಿದ್ದನ್ನು ಅವನ ಒಪ್ಪಿಗೆಯಿಂದ ಬರೆಯುತ್ತಿದ್ದೇನೆ. ಅಜ್ಜಿ ಹೆಣೆಯುತ್ತಿದ್ದರು. ಅವನು ನಿಂತುಕೊಂಡೇ ಹೇಳಿದ: ಬಸ್ಸಿನಲ್ಲಿ ಆರಿತು, ಲೈಟರಿನಿಂದ ಹೊತ್ತಿಸಿದೆವು, ನೀವು ಕೇಳಿದಾಗ ಸುಳ್ಳು ಹೇಳಿದೆ. ಆಮೇಲೆ ನಿಜವಾದ ಜ್ಯೋತಿಯನ್ನು ತಂದು ಬದಲಿಸಿದ್ದಾರೆ, ಅದೂ ನಿಮಗೆ ಗೊತ್ತಿಲ್ಲದೆ. ಅಜ್ಜಿ ಸೂಜಿಗಳನ್ನು ಮಡಿಲಲ್ಲಿ ಇಟ್ಟರು. "ಆರಿದ್ದಕ್ಕೆ ನನಗೇನೂ ಇಲ್ಲ" ಎಂದರು. "ಆದರೆ ನಾನು ಕೇಳಿದ್ದೆನಲ್ಲ." ಮತ್ತೇನೂ ಹೇಳಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತು, ಹೊರಗೆ ಬಂದು, ಪಡಸಾಲೆಯಲ್ಲಿ ನಾಯಕಿಯ ಪಕ್ಕ ಗೋಡೆಗೆ ಒರಗಿ ಕುಳಿತ.

ಕ್ಷಮೆ ಸಿಗುತ್ತದೆ ಎಂದುಕೊಂಡೇ ನಾವೆಲ್ಲ ಅವನನ್ನು ಕಳಿಸಿದ್ದೆವು. ಇಂಥ ಕೆಲಸಕ್ಕೆ ಮಕ್ಕಳನ್ನು ಕಳಿಸುವವರು ಆ ನಿರೀಕ್ಷೆಯನ್ನು ಮೊದಲು ತಮ್ಮ ಮನಸ್ಸಿನಿಂದ ತೆಗೆಯಬೇಕು. ಸತ್ಯ ಹೇಳಿದರೆ ಎದುರಿನವರು ತಕ್ಷಣ ಅಪ್ಪಿಕೊಳ್ಳುತ್ತಾರೆ ಎಂದು ಮಗುವಿಗೆ ಸೂಚಿಸಿದರೆ, ಅಪ್ಪಿಕೊಳ್ಳದಿದ್ದಾಗ ಸತ್ಯವೇ ತಪ್ಪಾಗಿತ್ತು ಎಂದು ಅದು ಎಣಿಸುತ್ತದೆ. ಆ ಸಂಜೆ ಹುಡುಗ ಹಾಗೆಯೇ ಹೇಳಿದ: "ಹೇಳದಿದ್ದರೆ ಅವರು ಸಂತೋಷವಾಗಿ ಇರುತ್ತಿದ್ದರು." ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅವನ ಜೊತೆ ಮನೆಯವರೆಗೆ ನಡೆದೆ.

ಕ್ರಿಸ್ಮಸ್ ಮುನ್ನಾದಿನದ ಬೆಳಿಗ್ಗೆ ವೃದ್ಧಾಶ್ರಮದಿಂದ ಫೋನ್ ಬಂತು. ಊಟದ ಕೋಣೆಯ ಬತ್ತಿ ಮುಗಿಯುತ್ತಾ ಬಂದಿದೆ, ಬದಲಿಸಲು ಆ ಹುಡುಗನೇ ಬರಬೇಕಂತೆ, ಅಜ್ಜಿ ಹೇಳಿದ್ದಾರೆ ಎಂದು. ಅವನು ಹೋದ. ಹಳೆಯ ಬತ್ತಿಯಿಂದ ಹೊಸದಕ್ಕೆ ಬೆಂಕಿ ದಾಟಿಸುವಾಗ ಅಜ್ಜಿ ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತು, ಕಣ್ಣು ತೆಗೆಯದೆ ಅವನ ಕೈಗಳನ್ನೇ ನೋಡುತ್ತಿದ್ದರಂತೆ.

ನಾವು ಬದಲಿಸಿದ್ದು

ಈ ಪ್ರಕರಣದಿಂದ ನಾನು ಕಲಿತದ್ದು ಮುಖ್ಯವಾಗಿ ನನ್ನ ಆ ರೈಲಿನ ಕಥೆಯ ಬಗ್ಗೆ. ಬೆಂಕಿ ಆರಬಾರದು ಎಂದು ಎಷ್ಟು ಜೋರಾಗಿ ಹೇಳುತ್ತೇವೋ, ಆರಿದಾಗ ಬಾಯಿಬಿಡುವುದು ಮಕ್ಕಳಿಗೆ ಅಷ್ಟೇ ಕಷ್ಟವಾಗುತ್ತದೆ. ಇದು ಶಾಂತಿಯನ್ನು ಮಂತ್ರದಿಂದ ತರುವ ವಸ್ತುವಲ್ಲ ಎಂದು ಅಭಿಯಾನ ಆರಂಭಿಸಿದವರೇ ಹೇಳುತ್ತಾ ಬಂದಿದ್ದಾರೆ. ನಾನು ಮಕ್ಕಳ ಎದುರು ಅದನ್ನು ಪವಾಡದ ಹತ್ತಿರಕ್ಕೆ ಒಯ್ದಿದ್ದೆ. ನೀರು, ಕಂಬಳಿ, ಸರದಿ ಪಟ್ಟಿ ಎಲ್ಲ ಸಿದ್ಧವಿತ್ತು. ಆರಿದರೆ ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು ಎಂಬ ಮಾತು ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಈಗ ಹಾಸನಾಂಬೆಯ ಕಥೆಯನ್ನು ಬಿಟ್ಟಿಲ್ಲ. ಅದರ ಜೊತೆಗೆ ಬಸ್ಸಿನ ಕಥೆಯನ್ನೂ ಹೇಳುತ್ತೇನೆ, ನನ್ನ ರಾತ್ರಿಯ ಕಾರು ಪ್ರಯಾಣವನ್ನೂ ಸೇರಿಸಿ.

ಉಳಿದವು ಸಣ್ಣ ಸಂಗತಿಗಳು. ಮೂರು ಲಾಂದ್ರ ಒಯ್ಯುತ್ತೇವೆ. ವಾಲಿದರೂ ಬತ್ತಿ ಮುಳುಗದಂತೆ, ಒಂದರಲ್ಲಿ ಮೇಣದ ಬದಲು ಸೀಮೆಎಣ್ಣೆಯ ಬಿರುಗಾಳಿ ಲಾಂದ್ರ. ದೊಡ್ಡವರಲ್ಲಿ ಒಬ್ಬರು ಹಿಂದೆ, ಮಕ್ಕಳ ಜೊತೆ ಕೂರುತ್ತಾರೆ. ವಸತಿಗೃಹದವರಿಗೆ ರಾತ್ರಿ ನಂದಿಸಿ ಎಂದು ನಾವೇ ಹೇಳುತ್ತೇವೆ. ಅಲ್ಲಿನ ಮಕ್ಕಳು ಬೆಳಿಗ್ಗೆ ಚರ್ಚಿಗೆ ಬಂದು ಮತ್ತೆ ಹೊತ್ತಿಸಿಕೊಂಡು ಹೋಗುತ್ತಾರೆ. ಹಾಗಾಗಿ ಆ ಮಕ್ಕಳ ಮುಖಪರಿಚಯವೂ ನಮಗಾಯಿತು.

2020ರಲ್ಲಿ ಕೊರೋನಾದಿಂದಾಗಿ ಲಾಂದ್ರವನ್ನು ವೃದ್ಧಾಶ್ರಮದ ಗೇಟಿನ ಬಳಿ ಇಟ್ಟು ದೂರ ನಿಂತೆವು. ಮರುವರ್ಷ ಆ ಹುಡುಗನೇ ಸಹಾಯಕ ನಾಯಕನಾಗಿ ಹೊರಟ. ಹೊರಡುವ ಮುನ್ನ ಲಾಂದ್ರದ ಪೆಟ್ಟಿಗೆಯೊಳಗೆ ಒಂದು ತೆಳು ನೋಟ್‌ಬುಕ್ ಇಟ್ಟ. ಪ್ರತಿ ನಿಲ್ದಾಣದಲ್ಲಿ ಲಾಂದ್ರ ಹಿಡಿದವರು ಒಂದು ಸಾಲು ಬರೆಯಬೇಕು, ಪಡೆಯುವವರು ಬಯಸಿದರೆ ಓದಬಹುದು. ಆ ವರ್ಷದ ಮೂರನೆಯ ಸಾಲು ಒಬ್ಬ ಹನ್ನೊಂದರ ಹುಡುಗಿಯ ದುಂಡು ಅಕ್ಷರದಲ್ಲಿದೆ: "ನನ್ನ ಕೈಯಲ್ಲಿ ಆರಿತು, ಪ್ಲಾಟ್‌ಫಾರ್ಮ್ ಮೇಲೆ, ಗಾಳಿ. ಎರಡನೆಯ ಲಾಂದ್ರದಿಂದ ಹೊತ್ತಿಸಿದೆವು." ಕೆಳಗೆ ಅವಳ ಹೆಸರು, ಸಮಯ.